ದೊಡ್ಡಮ್ಮ ಬಣ್ಣ ಹಾಕಿದ ಕಳಿಂಗಗಳು

ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದ ಮೇಲಷ್ಟೇ ನಮ್ಮ ಅಭಿಪ್ರಾಯ ಏನೆಂದು ನಮಗೆ ಗೊತ್ತಾಗುವುದು. ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಮದರಾಸಿನ ಕಾಲೇಜುಗಳ ವೇದಿಕೆಗಳಲ್ಲಿ ನಾನು ಮರಣದಂಡನೆಯನ್ನು ಬೆಳಿಗ್ಗೆ ಸಮರ್ಥಿಸಿ ಸಂಜೆ ಖಂಡಿಸಿದ್ದೇನೆ, ಎರಡಕ್ಕೂ ಬಹುಮಾನವಾಗಿ ಸ್ಟೀಲಿನ ಲೋಟ ಪಡೆದಿದ್ದೇನೆ. ಇದರಿಂದ ಅಂಟಿಕೊಂಡ ಚಾಳಿಯೆಂದರೆ, ಯಾರಾದರೂ ಏನನ್ನಾದರೂ ಖಚಿತವಾಗಿ ಹೇಳಿದರೆ ಸಾಕು, ನನ್ನ ನಾಲಿಗೆ ತುರಿಸುತ್ತದೆ. ಮನೆಯಲ್ಲಿ ಇದಕ್ಕೆ ಬೈಗುಳವೇ ಹೆಚ್ಚು. ಈ ಚಾಳಿ ಬೇಕೆಂದೇ ನನ್ನನ್ನು ಕರೆಸಿಕೊಂಡವರು ದೊಡ್ಡಪ್ಪ ಒಬ್ಬರೇ.

ದೊಡ್ಡಪ್ಪ ಅಂದರೆ ನನ್ನ ಅಮ್ಮನ ಅಕ್ಕನ ಗಂಡ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾಗಿ ಮದರಾಸಿನ ಅಡ್ಯಾರಿನಲ್ಲಿ ಮನೆ ಮಾಡಿಕೊಂಡಿದ್ದರು. ಎಪ್ಪತ್ತರ ದಶಕದಲ್ಲಿ ಅವರ ಬ್ಯಾಂಕು ಹಿಮಾಲಯದ ಲಾಹೌಲ್ ಕಣಿವೆಯಲ್ಲಿ ಒಂದು ಶಾಖೆ ತೆರೆದು, ಅದಕ್ಕೆ ಹೋಗಲು ಯಾರೂ ಒಪ್ಪದೆ, ಮೇಲಿನವರಿಗೆ ಎದುರು ಮಾತಾಡಿದ್ದ ದೊಡ್ಡಪ್ಪನನ್ನು ಅಲ್ಲಿಗೆ ಹಾಕಿತು. ಬಂಧುಗಳೆಲ್ಲ ಸೆಂಟ್ರಲ್ ಸ್ಟೇಷನ್ನಿಗೆ ಬಂದು ಕಣ್ಣು ಒರೆಸಿಕೊಂಡರಂತೆ. ದೊಡ್ಡಮ್ಮ ಮಾತ್ರ ತುಳಸಿ ಗಿಡ, ಹುಣಸೇಹಣ್ಣು, ಫೋಟೋಗಳಿಗೆ ಬಣ್ಣ ಹಾಕುವ ತನ್ನ ಪೆಟ್ಟಿಗೆ, ಮೂರನ್ನೂ ಕಟ್ಟಿಕೊಂಡು ರೈಲು ಹತ್ತಿದಳು. ತುಳಸಿ ಮೊದಲ ಹಿಮಕ್ಕೇ ಹೋಯಿತು. ಉಳಿದೆರಡು ಬಾಳಿದವು.

ಅಲ್ಲಿಯವರೆಗೆ ಕಾಗೆ, ಗುಬ್ಬಿ, ಗರುಡ ಬಿಟ್ಟು ಬೇರೆ ಹಕ್ಕಿ ಗೊತ್ತಿಲ್ಲದಿದ್ದ ಮನುಷ್ಯ, ಕಣಿವೆಯಲ್ಲಿ ಮಾತಾಡಲು ಜನ ಸಿಗದೆ ಹಕ್ಕಿ ನೋಡತೊಡಗಿದರು. ಅದರಲ್ಲೂ ಅವರ ತಲೆಗೆ ಹತ್ತಿದ್ದು ಕಳಿಂಗ. ಬುಲ್‌ಬುಲ್ಲಿಗಿಂತ ತುಸು ದೊಡ್ಡದು, ಕೊಕ್ಕಿನ ತುದಿ ಬಾಗಿದ್ದು, ಕಣ್ಣಿನ ಮೇಲೆ ಹಾದು ಹೋಗುವ ಕಪ್ಪು ಪಟ್ಟಿ. ಮಿಡತೆ, ಹಲ್ಲಿಮರಿ ಹಿಡಿದು ಮುಳ್ಳಿಗೆ ಚುಚ್ಚಿ ನೇತುಹಾಕಿ ಆಮೇಲೆ ತಿನ್ನುವ ಹಕ್ಕಿ. ಇದರ ಜಾತಿಯ ಇನ್ನೊಂದು ಚಳಿಗಾಲಕ್ಕೆ ಮದರಾಸಿಗೂ ಬರುತ್ತದೆ; ಇಲ್ಲಿಯವರು ಅದನ್ನು ಕೀಚಾನ್ ಎನ್ನುತ್ತಾರೆ. ಕೀಚ್ ಕೀಚ್ ಎಂಬ ಅದರ ಕೂಗು ಕೇಳಿದವರಿಗೆ ಆ ಹೆಸರು ಯಾಕೆಂದು ಹೇಳಬೇಕಾಗಿಲ್ಲ.

ಲಾಹೌಲಿನಲ್ಲಿ ಕಳಿಂಗಗಳು ಎರಡು ಬಗೆ. ಕಣಿವೆಯ ತಗ್ಗಿನಲ್ಲಿ ಕೆಂಪುಬೆನ್ನಿನದು: ತಲೆ ತಿಳಿಬೂದು, ಬೆನ್ನಿನ ಕೆಳಭಾಗ ಇಟ್ಟಿಗೆ ಕೆಂಪು, ರೆಕ್ಕೆಯಲ್ಲಿ ಚಿಕ್ಕ ಬಿಳಿ ಚುಕ್ಕೆ. ಇನ್ನೂ ಮೇಲೆ ಬೂದುಬೆನ್ನಿನದು: ತಲೆಯಿಂದ ಬೆನ್ನಿನ ತನಕ ಒಂದೇ ಗಾಢ ಬೂದು, ಬಾಲದ ಬುಡದಲ್ಲಷ್ಟೇ ಕೆಂಪು, ರೆಕ್ಕೆಯಲ್ಲಿ ಸಾಮಾನ್ಯವಾಗಿ ಚುಕ್ಕೆ ಇಲ್ಲ. ದೊಡ್ಡಪ್ಪನ ಬ್ಯಾಂಕು ಇದ್ದ ಊರು ಎರಡಕ್ಕೂ ನಡುವೆ. ನೀರಿನ ಕಾಲುವೆಯ ಪಕ್ಕದ ಮುಳ್ಳುಬೇಲಿಯಲ್ಲಿ ಒಂದು ಬೇಸಿಗೆ ಅವರು ಈ ಎರಡೂ ಅಲ್ಲದ, ಎರಡರದ್ದೂ ಇರುವ ಮೂರು ಹಕ್ಕಿಗಳನ್ನು ಕಂಡರು, ಫೋಟೋ ತೆಗೆದರು. ಎರಡು ಜಾತಿಯೂ ಕೂಡಿ ಹುಟ್ಟಿದ ಬೆರಕೆ ಹಕ್ಕಿಗಳು ಅವು ಎಂಬುದು ಅವರ ವಾದ. ಮನೆಯಲ್ಲಿ ಕನ್ನಡದಲ್ಲಿ ಶುರುವಾದ ವಾಕ್ಯ ತಮಿಳಿನಲ್ಲಿ ಮುಗಿಯುವ ನಮ್ಮಂಥವರಿಗೆ ಬೆರಕೆ ಎಂದರೆ ಆಶ್ಚರ್ಯವೇನಲ್ಲ. ಆದರೆ ಹಕ್ಕಿಶಾಸ್ತ್ರದವರು ನಮ್ಮಷ್ಟು ಉದಾರಿಗಳಲ್ಲ, ಸಾಕ್ಷಿ ಕೇಳುತ್ತಾರೆ.

ಅಡ್ಯಾರಿನಲ್ಲಿ ಹಕ್ಕಿ ನೋಡುವವರದೊಂದು ಚಿಕ್ಕ ಗುಂಪಿತ್ತು. ಭಾನುವಾರ ಬೆಳಿಗ್ಗೆ ಪೆರುಂಗುಡಿಯ ಜೌಗಿಗೆ ಹೋಗಿ ಕಾಲು ಕೆಸರು ಮಾಡಿಕೊಳ್ಳುವುದು, ಸಂಜೆ ಒಂದು ಶಾಲೆಯ ಕೊಠಡಿಯಲ್ಲಿ ಸೇರಿ ಜಗಳವಾಡುವುದು. ಗುಂಪಿನ ಹಿರಿಯರು, ನಿವೃತ್ತ ಪ್ರಾಣಿಶಾಸ್ತ್ರದ ಮೇಷ್ಟ್ರು, ಒಂದು ಕೈಬರಹದ ಪ್ರತಿಯಂಥ ಪತ್ರಿಕೆಯನ್ನು ಸೈಕ್ಲೋಸ್ಟೈಲ್ ಮಾಡಿಸಿ ಹಂಚುತ್ತಿದ್ದರು. ಅವರು ದೊಡ್ಡಪ್ಪನಿಗೆ, "ಮುಂದಿನ ಸಭೇಲಿ ನಿಮ್ಮ ಲಾಹೌಲ್ ಹಕ್ಕಿ ತೋರಿಸಿ. ವಾದ ನಿಂತರೆ ಹಕ್ಕಿಶಾಸ್ತ್ರದ ದೊಡ್ಡ ಪತ್ರಿಕೆಗೆ ನಾನೇ ಕಳಿಸ್ತೀನಿ" ಎಂದಿದ್ದರು. ದೊಡ್ಡಪ್ಪನಿಗೆ ಆ ವರ್ಷ ಎದೆನೋವು ಬಂದಿತ್ತು. ಬೆಟ್ಟದ ಎತ್ತರ ಇನ್ನು ಕನಸಲ್ಲೂ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅನುಮಾನ ಬಂದರೆ ಮತ್ತೊಮ್ಮೆ ಹೋಗಿ ನೋಡಿಕೊಂಡು ಬರುವ ಹಾಗಿರಲಿಲ್ಲ. ಜೀವಮಾನವೆಲ್ಲ ಬೇರೆಯವರ ಸಾಲದ ಅರ್ಜಿಗೆ ಸಹಿ ಹಾಕಿದ ಮನುಷ್ಯನಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಈ ಮೂರು ಹಕ್ಕಿಗಳು.

"ಸಭೇಲಿ ಯಾರಾದರೂ ತೂತು ಹುಡುಕೋದಕ್ಕೆ ಮುಂಚೆ ಮನೇಲೇ ಹುಡುಕಿಸಿಬಿಡೋಣ ಅಂತ ನಿನ್ನ ಕರೆಸಿದೆ" ಎಂದರು ನಾನು ಪುರಸೈವಾಕ್ಕಂನಿಂದ ಬಸ್ಸಿನಲ್ಲಿ ಬಂದು ಇಳಿದ ಕೂಡಲೇ. "ನೀನು ವಿರೋಧ. ದಾಕ್ಷಿಣ್ಯ ಇಟ್ಕೋಬೇಡ."

"ಅವಳಿಗೆ ದಾಕ್ಷಿಣ್ಯ ಬೇರೆ ಇದ್ಯಾ?" ಎಂದು ಅಡುಗೆಮನೆಯಿಂದ ದೊಡ್ಡಮ್ಮ.

ವರಾಂಡದ ಮೇಜಿನ ಮೇಲೆ ಫೋಟೋಗಳು ಸಾಲಾಗಿ ಕೂತವು. ಕಪ್ಪು-ಬಿಳುಪಿನಲ್ಲಿ ತೆಗೆದು, ಆಮೇಲೆ ಕೈಯಿಂದ ಬಣ್ಣ ಹಾಕಿದವು. ಆ ಕಾಲಕ್ಕೆ ಆ ಎತ್ತರದಲ್ಲಿ ಬಣ್ಣದ ಫಿಲ್ಮು ಕೇಳುವವರೂ ಇರಲಿಲ್ಲ, ಮಾರುವವರೂ ಇರಲಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ, ದೊಡ್ಡಪ್ಪ ಪಕ್ಕದಲ್ಲಿ ಕೂತು ನೆನಪಿನಿಂದ ಬಣ್ಣ ಹೇಳುತ್ತ, ದೊಡ್ಡಮ್ಮ ಕಡ್ಡಿಗೆ ಹತ್ತಿ ಸುತ್ತಿ ಹಚ್ಚುತ್ತ, ಇಬ್ಬರೂ ಕಾಲ ಕಳೆದಿದ್ದರು. ಇದು ನಮ್ಮ ಬಳಗದಲ್ಲೆಲ್ಲ ಗೊತ್ತಿದ್ದ ಸಂಗತಿ. ಕಾಲ ಕಳೆದ ಬಗೆ ಎಷ್ಟು ಚೆಂದ ಎಂದು ಎಲ್ಲರೂ ಹೇಳಿದ್ದರು, ಬಣ್ಣದ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ.

ನಾನು ಶುರುಮಾಡಿದೆ. "ಇವು ಬೆರಕೆ ಅಲ್ಲ, ಮರಿಗಳು. ಇನ್ನೂ ಬಣ್ಣ ಬಂದಿಲ್ಲ."

"ಮರಿ ಆಗಿದ್ರೆ ಎದೆ ಮೇಲೆ ಮೀನಿನ ಹುರುಪೆ ಹಾಗೆ ಗೆರೆ ಇರ್ತವೆ. ತೋರಿಸು ಎಲ್ಲಿದೆ."

ಇರಲಿಲ್ಲ. "ಶರಿ. ಬಿಸಿಲಿಗೆ ಗರಿ ಮಾಸಿದೆ."

"ಮಾಸಿದ್ರೆ ತಿಳಿಯಾಗಬೇಕು. ಇದರ ಬೆನ್ನು ಗಾಢ ಇದೆ."

"ಗಂಡು ಹೆಣ್ಣಿನ ವ್ಯತ್ಯಾಸ."

"ಇವುಗಳಲ್ಲಿ ಗಂಡು ಹೆಣ್ಣು ಹೆಚ್ಚು ಕಮ್ಮಿ ಒಂದೇ ಥರ. ನಿಮ್ಮಮ್ಮ, ದೊಡ್ಡಮ್ಮ ಇದ್ದ ಹಾಗೆ, ಯಾರು ಯಾರು ಅಂತ ಜಗಳ ಬಂದಾಗಷ್ಟೇ ಗೊತ್ತಾಗೋದು." ದೊಡ್ಡಪ್ಪನ ಮುಖ ಅರಳಿತ್ತು. ನನ್ನನ್ನು ಮೂರು ಸಲ ಕೆಡವಿದ್ದರು, ನನಗೂ ಬಿದ್ದದ್ದು ಬೇಸರವಾಗಿರಲಿಲ್ಲ. ಎದುರಾಳಿ ತಯಾರಾಗಿ ಬಂದಿದ್ದರೆ ಸೋಲಿಗೂ ಒಂದು ರುಚಿ ಇರುತ್ತದೆ.

ಆಗ ಅವರು ತಮ್ಮ ಮುಖ್ಯ ಅಸ್ತ್ರ ತೆಗೆದರು. "ನೋಡು. ಕೆಂಪುಬೆನ್ನಿನದರಲ್ಲಿ ಬೂದು ಒಂದು ಕಡೆ ನಿಲ್ಲತ್ತೆ, ಕೆಂಪು ಶುರುವಾಗತ್ತೆ. ಸೀರೆ ಅಂಚಿನ ಹಾಗೆ, ಕಾಣತ್ತೆ. ಬೂದುಬೆನ್ನಿನದರಲ್ಲಿ ಬೆನ್ನ ಮೇಲೆ ಕೆಂಪೇ ಇಲ್ಲ. ಈ ಮೂರರಲ್ಲಿ ಮಾತ್ರ ಕೆಂಪು ಬೂದಿನೊಳಗೆ ಹಾಗೇ ಕರಗಿಹೋಗಿದೆ. ಗೆರೆ ಎಲ್ಲಿದೆ ಹೇಳು? ಇದು ಅಪ್ಪ ಅಮ್ಮ ಇಬ್ಬರದ್ದೂ ಬೆರೆತಿರೋದು. ಕಂಡಿಪ್ಪಾ, ಖಂಡಿತ ಬೆರಕೆ."

ನಿಜವಾಗಿಯೂ ಗೆರೆ ಇರಲಿಲ್ಲ. ಸಂಜೆಯ ಆಕಾಶದ ಹಾಗೆ ಒಂದು ಇನ್ನೊಂದಾಗಿತ್ತು. ದೊಡ್ಡಮ್ಮ ಊಟಕ್ಕೆ ಕರೆದಳು.

ಕೈ ತೊಳೆಯುವ ಜಾಗದ ಪಕ್ಕ, ಗೋಡೆಯ ಮೇಲೆ, ಅಜ್ಜಿ-ತಾತನ ದೊಡ್ಡ ಫೋಟೋ ಇತ್ತು. ದೊಡ್ಡಮ್ಮ ಮದುವೆಗೆ ಮುಂಚೆ ಪುರಸೈವಾಕ್ಕಂನಲ್ಲಿ ತನ್ನ ಸೋದರಮಾವನ ಸ್ಟುಡಿಯೋದಲ್ಲಿ ಮದುವೆಯ ಚಿತ್ರಗಳಿಗೆ ಬಣ್ಣ ಹಾಕಿಕೊಡುತ್ತಿದ್ದಳು. ಇದೂ ಅವಳ ಕೈಯದೇ. ಚಿಕ್ಕಂದಿನಿಂದ ನೋಡಿದ ಚಿತ್ರ. ಅಂದು ಕೈಯಿಂದ ನೀರು ತೊಟ್ಟಿಕ್ಕಿಸುತ್ತ ನಿಂತು ನೋಡಿದೆ. ಅಜ್ಜಿಯ ಸೀರೆಯ ಅರಗಿನ ಕೆಂಪು ಅಂಚು ಒಡಲಿನ ಹಸಿರಿನೊಳಗೆ ಕರಗಿಹೋಗಿತ್ತು. ತಾತನ ಶಲ್ಯದ ಜರಿ ಬಿಳಿಯೊಳಗೆ ಇಳಿದಿತ್ತು. ಅಜ್ಜಿಯ ಆ ಸೀರೆ ನಮ್ಮ ಮನೆಯ ಪೆಟ್ಟಿಗೆಯಲ್ಲೇ ಇದೆ. ಅದರ ಅಂಚು ಕತ್ತಿಯಿಂದ ಕೊಯ್ದಷ್ಟು ಖಚಿತ.

"ದೊಡ್ಡಮ್ಮಾ, ಈ ಸೀರೆ ಅಂಚು ಯಾಕೆ ಹೀಗೆ ಮಾಡಿದ್ದೀಯ?"

"ಹಾಗೇ ಮಾಡಬೇಕು ಕಣೇ. ಎರಡು ಬಣ್ಣ ಸೇರೋ ಕಡೆ ಒಣ ಹತ್ತೀಲಿ ಉಜ್ಜಿ ಕರಗಿಸಿಬಿಡಬೇಕು. ಇಲ್ಲದಿದ್ರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣತ್ತೆ. ಗೆರೆ ಬಿಟ್ರೆ ಮಾವ ಕೈ ಮೇಲೆ ಹೊಡೀತಿದ್ದ."

"ಹಕ್ಕಿಗೂ ಕರಗಿಸಿದ್ಯಾ?"

"ಹಕ್ಕಿಗೂ. ಯಾಕೆ, ಹಕ್ಕಿ ಏನು ಅಜ್ಜಿಗಿಂತ ದೊಡ್ಡದಾ?"

ಎಲೆಯ ಮುಂದೆ ಕೂತಿದ್ದ ದೊಡ್ಡಪ್ಪನ ಕೈ ಸಾರನ್ನದಲ್ಲೇ ನಿಂತಿತು. ಕೇಳಿಸಿಕೊಂಡಿದ್ದರು.

"ಆದರೆ ನಾನು ಹೇಳಿದ ಹಾಗಲ್ವಾ ನೀನು ಹಾಕಿದ್ದು?"

"ಯಾವ ಬಣ್ಣ ಎಲ್ಲಿ ಅಂತ ನೀವು ಹೇಳಿದ್ರಿ. ಅಂಚು ಏನು ಮಾಡಬೇಕು ಅಂತ ನೀವೆಲ್ಲಿ ಹೇಳಿದ್ರಿ?"

"ಬೇರೆ ಕೆಂಪುಬೆನ್ನಿನವಕ್ಕೆ ಗೆರೆ ಬಿಟ್ಟಿದ್ದೀಯಲ್ಲ!"

"ಅವು ಎರಡನೇ ಚಳಿಗಾಲದ್ದು ಕಣ್ರೀ. ಅಷ್ಟೊತ್ತಿಗೆ ನೀವು ಪುಸ್ತಕ ತರಿಸಿಕೊಂಡು, ಗೆರೆ ಬಿಡು ಗೆರೆ ಬಿಡು ಅಂತ ಪ್ರಾಣ ತಿಂತಿದ್ರಿ. ಬಿಟ್ಟೆ. ಇವು ಮೊದಲನೇ ವರ್ಷದ್ದು. ಆಗ ಪುಸ್ತಕಾನೂ ಇರ್ಲಿಲ್ಲ, ನಿಮಗೂ ಏನೂ ಗೊತ್ತಿರಲಿಲ್ಲ."

ದೊಡ್ಡಪ್ಪ ಸಾರನ್ನ ಕಲಸುತ್ತ, "ಇರಲಿ. ನಾನು ಕಣ್ಣಾರೆ ನೋಡಿದ್ದೀನಲ್ಲ. ಕರಗಿತ್ತು" ಎಂದರು.

ನನ್ನ ಬಾಯಿಗೆ ಬಂದ ಮಾತು ಬಂದೇ ಬಿಟ್ಟಿತು. "ನೀವು ನೋಡಿದ್ದು ಯಾವುದನ್ನ, ದೊಡ್ಡಪ್ಪ? ಹಕ್ಕೀನಾ, ಚಿತ್ರಾನಾ? ಹಕ್ಕಿ ನೋಡಿದ್ದು ಒಂದು ಬೇಸಿಗೆ. ಚಿತ್ರ ನೋಡ್ತಾ ಇರೋದು ಅವತ್ತಿಂದ ಇವತ್ತಿನವರೆಗೆ."

ಸ್ಪರ್ಧೆಯಾಗಿದ್ದರೆ ಇಲ್ಲಿಗೆ ಗಂಟೆ ಬಾರಿಸುತ್ತಿದ್ದರು, ಎರಡು ಕಡೆಯವರೂ ಕೈಕುಲುಕಿ ಬಜ್ಜಿ ತಿನ್ನಲು ಹೋಗುತ್ತಿದ್ದೆವು. ಇಲ್ಲಿ ಗಂಟೆಯಿಲ್ಲ. ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. "ಮಜ್ಜಿಗೆ ಹಾಕು" ಎಂದರು ದೊಡ್ಡಮ್ಮನಿಗೆ.

ಊಟವಾದ ಮೇಲೆ ದೊಡ್ಡಮ್ಮ ನನ್ನ ಮೇಲೆ ತಿರುಗಿದಳು. "ಅಡಿಪಾವಿ! ಎದೆನೋವಿನ ಮನುಷ್ಯನಿಗೆ ಹೀಗಾ ಹೇಳೋದು? ನಿನಗೆ ಸ್ಟೀಲಿನ ಲೋಟ ಕೊಡ್ತಾರಲ್ಲ, ಅವರಿಗೆ ಬುದ್ಧಿಯಿಲ್ಲ." ಆಮೇಲೆ ಗಂಡನ ಮೇಲೆ: "ನೀವು ಸಭೆಗೆ ಹೋಗಬೇಡಿ. ಮೈ ಸರಿಯಿಲ್ಲ ಅಂತ ಹೇಳಿ ಕಳಿಸ್ತೀನಿ. ಸುಳ್ಳೂ ಅಲ್ಲ." ದೊಡ್ಡಪ್ಪ ಕಪಾಟಿನ ಮೇಲಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದರು. ಅದರಲ್ಲಿ ನೆಗೆಟಿವ್‌ಗಳಿದ್ದವು. "ಇವುಗಳಿಗೆ ಯಾರೂ ಹತ್ತಿ ಉಜ್ಜಿಲ್ಲ" ಎಂದು ನನ್ನ ಕೈಗೆ ಕೊಟ್ಟರು.

ದೊಡ್ಡಮ್ಮನ ಸೋದರಮಾವನ ಸ್ಟುಡಿಯೋವನ್ನು ಈಗ ಅವನ ಮಗ ನಡೆಸುತ್ತಿದ್ದ. ಜವಳಿ ಅಂಗಡಿಗಳ ನಡುವೆ ಸಿಕ್ಕಿಕೊಂಡ ಮಹಡಿ. ಎಲ್ಲರಿಗೂ ಕಲರ್ ಬೇಕಾದ ಕಾಲದಲ್ಲಿ ಕಪ್ಪು-ಬಿಳುಪು ಯಾಕೆ, ಅದೂ ಹಕ್ಕಿಯ ಬೆನ್ನು ಯಾಕೆ ಎಂದು ಗೊಣಗುತ್ತಲೇ ದೊಡ್ಡದಾಗಿ ಪ್ರಿಂಟು ಹಾಕಿಕೊಟ್ಟ. ಅವುಗಳನ್ನು ಅಡ್ಯಾರಿಗೆ ಒಯ್ದು ಅದೇ ಮೇಜಿನ ಮೇಲೆ ಹರಡಿ, ದೊಡ್ಡಪ್ಪನ ಭೂತಗನ್ನಡಿ ಹಿಡಿದು ಮೂವರೂ ಬಾಗಿದೆವು.

ಮೂರರಲ್ಲಿ ಎರಡು ಹಕ್ಕಿಗಳ ಬೆನ್ನ ಮೇಲೆ ಗೆರೆ ಸ್ಪಷ್ಟವಾಗಿತ್ತು. ಮಾಮೂಲಿ ಕೆಂಪುಬೆನ್ನಿನವು. ದೊಡ್ಡಪ್ಪ ಅವೆರಡನ್ನೂ ಪಕ್ಕಕ್ಕೆ ಸರಿಸಿದರು. ಅಷ್ಟು ವರ್ಷ ಸಾಕಿದ್ದನ್ನು ಅಷ್ಟು ಬೇಗ ಬಿಟ್ಟುಕೊಡುವುದನ್ನು ನಾನು ಯಾವ ವೇದಿಕೆಯ ಮೇಲೂ ನೋಡಿಲ್ಲ. ಎದುರಾಳಿ ಸರಿಯೆಂದು ಗೊತ್ತಾದ ಮೇಲೂ ಗಂಟೆಯಾಗುವವರೆಗೆ ಎಳೆಯುವುದನ್ನೇ ನಮಗೆ ಕಲಿಸಿದ್ದಾರೆ.

ಮೂರನೆಯದರಲ್ಲಿ ಗೆರೆ ಇರಲಿಲ್ಲ. ತಲೆಯಿಂದ ಬಾಲದ ಬುಡದವರೆಗೆ ಒಂದೇ ಛಾಯೆ.

"ಇದು!" ಎಂದರು ದೊಡ್ಡಪ್ಪ. "ಇದರಲ್ಲಿ ಕರಗಿದೆ. ಇದಕ್ಕೆ ಏನಂತೀಯ?"

ನಾನು ಬಾಯಿ ತೆರೆಯುವ ಮುಂಚೆ ದೊಡ್ಡಮ್ಮ ಹೇಳಿದಳು. "ಕಪ್ಪು-ಬಿಳುಪಿನಲ್ಲಿ ಇಟ್ಟಿಗೆ ಕೆಂಪೂ ಗಾಢ ಬೂದೂ ಒಂದೇ ಥರ ಬಂದುಬಿಡಬಹುದು ಕಣ್ರೀ. ಮದುವೆ ಹುಡುಗಿ ಸೀರೆ, ಹುಡುಗನ ಕೋಟು, ಎಷ್ಟೋ ಸಲ ಯಾವುದು ಏನು ಅಂತಾನೇ ಗೊತ್ತಾಗ್ತಿರಲಿಲ್ಲ. ಅದಕ್ಕೇ ಅಲ್ವಾ ಮಾವ ಫೋಟೋ ಹಿಂದೆ ಸೀರೆ ಬಣ್ಣ ಬರೆಸ್ಕೋತಿದ್ದಿದ್ದು?"

"ನೀನೂ ಅವಳ ಕಡೆನಾ?"

"ನಾನು ಯಾರ ಕಡೇನೂ ಅಲ್ಲ. ಇದ್ದದ್ದು ಹೇಳಿದೆ."

ಮೂರನೆಯ ಹಕ್ಕಿಯೂ ಹೋಯಿತು ಎಂದುಕೊಂಡೆ. ಆದರೆ ಭೂತಗನ್ನಡಿ ನನ್ನ ಕೈಯಲ್ಲಿತ್ತು. ರೆಕ್ಕೆಯ ಮೇಲೆ ಒಂದು ಚುಕ್ಕೆ ಕಾಣುತ್ತಿತ್ತು. ಬಿಳಿ. ಬಿಳಿ ಬಿಳಿಯೇ, ಅದಕ್ಕೆ ಯಾರೂ ಬಣ್ಣ ಹೇಳಬೇಕಾಗಿಲ್ಲ.

"ದೊಡ್ಡಪ್ಪ, ಬೆನ್ನಿನ ಬಣ್ಣ ಗೊತ್ತಿಲ್ಲ ಅಂತಾನೇ ಇಟ್ಕೊಳ್ಳೋಣ. ಆದರೆ ಇದೇ ಫಿಲ್ಮಿನಲ್ಲಿರೋ ಆ ಎರಡು ಕೆಂಪುಬೆನ್ನಿನವುಗಳಲ್ಲಿ ಗೆರೆ ಕಾಣ್ತಿದೆ. ಯಾಕಂದ್ರೆ ಅವುಗಳ ತಲೆ, ಕುತ್ತಿಗೆ ತಿಳಿಬೂದು. ಇದರ ತಲೆಯಿಂದಲೇ ಗಾಢ. ಅದು ಬೂದುಬೆನ್ನಿನದರ ಲಕ್ಷಣ. ಚುಕ್ಕೆ ಕೆಂಪುಬೆನ್ನಿನದರ ಲಕ್ಷಣ. ಎರಡೂ ಒಂದೇ ಹಕ್ಕಿಯ ಮೈಮೇಲೆ ಇವೆ."

ದೊಡ್ಡಪ್ಪ ನನ್ನ ಮುಖ ನೋಡಿದರು. "ನಿನ್ನ ಚೀಟಿ ಬದಲಾಯ್ತಾ?"

"ಸಾಕ್ಷಿ ಬದಲಾಯ್ತು. ಸಭೇಲಿ ಬೆರಕೆ ಅಂತಲೇ ಹೇಳಿ. ನಾನು ಪರ ಮಾತಾಡ್ತೀನಿ."

ಅವರು ನಕ್ಕರು, ತಲೆಯಾಡಿಸಿದರು. "ಇಲ್ಲಮ್ಮ. ಇದರ ಅಪ್ಪ ಅಮ್ಮನ್ನ ನಾನು ನೋಡಿಲ್ಲ. ಗೂಡು ನೋಡಿಲ್ಲ. ಅಲ್ಲಿನ ಬೂದುಬೆನ್ನಿನವಕ್ಕೆ ಕೆಲವಕ್ಕೆ ಚುಕ್ಕೆ ಇರೋದೇ ವಾಡಿಕೆಯೇನೋ, ಯಾರಿಗೆ ಗೊತ್ತು? ನಿನಗೆ ಗೆಲ್ಲೋದಕ್ಕೆ ಒಂದು ಕಡೆ ಬೇಕು. ಹಕ್ಕಿಗೆ ಬೇಡ."

ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ.

ಭಾನುವಾರದ ಸಭೆಗೆ ಅವರು ಹೋದರು. ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಕಂಕುಳಲ್ಲಿ ಎರಡು ಲಕೋಟೆ. ದೊಡ್ಡಮ್ಮ ಬರುವುದಿಲ್ಲ ಎಂದು ಹಟ ಹಿಡಿದಿದ್ದವಳು ಕೊನೆಯ ಗಳಿಗೆಯಲ್ಲಿ ರೇಷ್ಮೆ ಸೀರೆ ಉಟ್ಟು ಬಂದು ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂತಳು. ದೊಡ್ಡಪ್ಪ ಬಣ್ಣದ ಚಿತ್ರಗಳನ್ನು ಮೊದಲು ತೋರಿಸಿದರು. ಜನ ಆಹಾ ಎಂದರು. "ಇವಕ್ಕೆ ಬಣ್ಣ ಹಾಕಿದ್ದು ನನ್ನ ಹೆಂಡತಿ. ಬಹಳ ಚೆನ್ನಾಗಿದೆ. ದಯವಿಟ್ಟು ಯಾವುದನ್ನೂ ನಂಬಬೇಡಿ" ಎಂದರು. ಕೊಠಡಿಯೆಲ್ಲ ನಕ್ಕಿತು. ಅವರೂ ನಕ್ಕರು. ಆಮೇಲೆ ಅಂಚು ಕರಗಿಸುವ ಸ್ಟುಡಿಯೋ ಪದ್ಧತಿಯನ್ನು ವಿವರಿಸಿ, ಬಣ್ಣವಿಲ್ಲದ ಪ್ರಿಂಟುಗಳನ್ನು ಹಂಚಿದರು. ಎರಡನ್ನು ತಾವಾಗಿಯೇ ಕೈಬಿಟ್ಟರು. ಮೂರನೆಯದನ್ನು ಮೇಷ್ಟ್ರ ಮುಂದೆ ಇಟ್ಟರು.

ಮೇಷ್ಟ್ರು ಬಹಳ ಹೊತ್ತು ನೋಡಿದರು. "ಬೆರಕೆ ಅಂತೀರಾ?"

"ಗೊತ್ತಿಲ್ಲ ಸರ್. ಎರಡರಲ್ಲಿ ಯಾವುದೂ ಅಲ್ಲ ಅನ್ನೋವಷ್ಟು ಗೊತ್ತು."

ಆ ಕಣಿವೆಗಳ ಕಳಿಂಗಗಳ ಬಗ್ಗೆ ದೊಡ್ಡ ದೊಡ್ಡ ಪಂಡಿತರೇ ಜಗಳವಾಡುತ್ತಾರೆ, ಬೆರಕೆ ಎಂದು ಕೆಲವರು, ಅಲ್ಲಿನ ಒಳಜಾತಿಯೇ ಹಾಗೆ ಎಂದು ಕೆಲವರು, ಹಕ್ಕಿಯೇ ಕೈಯಲ್ಲಿದ್ದರೆ ಅಳೆದು ನೋಡಬಹುದಿತ್ತು ಎಂದು ಮೇಷ್ಟ್ರು ಹೇಳಿದರು. ಫೋಟೋ ಮೇಲೆ ತೀರ್ಪು ಕೊಡಲು ಅವರು ಒಪ್ಪಲಿಲ್ಲ. ಪರವಾಗಿ ಎರಡು ಮಾತು ಸೇರಿಸೋಣ ಎಂದು ನಾನು ಎದ್ದು ನಿಂತೆ. ದೊಡ್ಡಪ್ಪನ ಮುಖ ನೋಡಿದೆ. ಸೋತವರ ಮುಖವಲ್ಲ ಅದು, ಗೆದ್ದವರದೂ ಅಲ್ಲ. ಲಾಹೌಲಿನ ಆ ಮುಳ್ಳುಬೇಲಿಯನ್ನು ಮತ್ತೊಮ್ಮೆ, ಈ ಸಲ ಬಣ್ಣವಿಲ್ಲದೆ, ನೋಡುತ್ತಿರುವವರ ಮುಖ. ಕೂತುಬಿಟ್ಟೆ.

ದೊಡ್ಡ ಪತ್ರಿಕೆಗೆ ಅದು ಹೋಗಲಿಲ್ಲ. ಸೈಕ್ಲೋಸ್ಟೈಲ್ ಹಾಳೆಯಲ್ಲಿ ಅರ್ಧ ಪುಟ ಬಂತು, ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ. ಕೆಳಗೆ ದೊಡ್ಡಪ್ಪನ ಹೆಸರು. ಅದರ ಕೆಳಗೆ, ಬಣ್ಣದ ಚಿತ್ರಗಳನ್ನು ಯಾಕೆ ಬಿಟ್ಟಿದೆ ಎಂಬ ಒಂದು ಸಾಲಿನಲ್ಲಿ, ದೊಡ್ಡಮ್ಮನ ಹೆಸರು. "ನೋಡೇ, ತಪ್ಪು ಮಾಡಿದ್ದಕ್ಕೆ ಅಚ್ಚಿನಲ್ಲಿ ಹೆಸರು ಹಾಕಿಸಿದ್ದಾರೆ" ಎಂದು ಅವಳು ಬಂದವರಿಗೆಲ್ಲ ತೋರಿಸಿದಳು. ಬೈಯುತ್ತಿದ್ದಳೋ ಹೆಮ್ಮೆಪಡುತ್ತಿದ್ದಳೋ, ಅದನ್ನೂ ಫೋಟೋ ಮೇಲೆ ತೀರ್ಮಾನಿಸಲಾಗದು.

ಅದಾದ ಮೇಲೆ ಒಮ್ಮೆ ಅಡ್ಯಾರಿಗೆ ಹೋದಾಗ ಅಜ್ಜಿ-ತಾತನ ಪಕ್ಕದಲ್ಲಿ ಹೊಸದೊಂದು ಚೌಕಟ್ಟು ತೂಗುತ್ತಿತ್ತು. ಮೂರನೆಯ ಹಕ್ಕಿ. ದೊಡ್ಡಮ್ಮ ಹೊಸ ಪ್ರಿಂಟಿಗೆ ಮತ್ತೆ ಬಣ್ಣ ಹಾಕಿದ್ದಳು. ಆಕಾಶ ನೀಲಿ, ಬೇಲಿ ಹಸಿರು, ಮುಳ್ಳುಗಳ ನಡುವಿನ ಪುಟ್ಟ ಹಣ್ಣುಗಳು ಕಿತ್ತಳೆ ಬಣ್ಣ. ಹಕ್ಕಿಯ ಬೆನ್ನಿಗೆ ಮಾತ್ರ ಹತ್ತಿ ಸೋಕಿಸಿರಲಿಲ್ಲ. ಫೋಟೋದ ಬೂದನ್ನು ಹಾಗೇ ಬಿಟ್ಟಿದ್ದಳು.

"ಗೊತ್ತಿಲ್ಲ ಅಂದ ಮೇಲೆ ಯಾಕೆ ಹಾಕಲಿ? ಬಿಟ್ಟೆ" ಎಂದಳು.

ನಾನು ಸುಮ್ಮನಿರಬಹುದಿತ್ತು. "ದೊಡ್ಡಮ್ಮಾ, ಬಣ್ಣ ಹಾಕದೆ ಬಿಟ್ಟರೆ ಬೂದುಬೆನ್ನಿನ ಕಳಿಂಗ ಅಂತಲೇ ಆಯ್ತಲ್ಲ. ನೋಡಿದವರು ಹಾಗೇ ಅಂದ್ಕೋತಾರೆ. ಇದೂ ಒಂದು ಕಡೆ ಹಿಡಿದ ಹಾಗೇ."

ಒಳಗಿನಿಂದ ದೊಡ್ಡಪ್ಪ ಜೋರಾಗಿ ನಕ್ಕ ಸದ್ದು ಕೇಳಿತು. ದೊಡ್ಡಮ್ಮ ಚಿತ್ರವನ್ನು ನೋಡಿದಳು, ನನ್ನನ್ನು ನೋಡಿದಳು.

"ಹಾಗಾದ್ರೆ ಏನು ಮಾಡಬೇಕಿತ್ತು, ನೀನೇ ಹೇಳು."

ಯೋಚಿಸಿದೆ. ಈಗಲೂ ಯೋಚಿಸುತ್ತಿದ್ದೇನೆ.

"ಗೊತ್ತಿಲ್ಲ" ಎಂದೆ.

"ಬಂದ್ಯಾ ದಾರಿಗೆ?" ಎಂದು ಅವಳು ಕಾಫಿ ಸೋಸಲು ಒಳಗೆ ಹೋದಳು.